ಕಾಚಿನ ತೋಟದಿಂದ ಕಾಡುದಾರಿಗೆ: ಸಿಂಗಾಪುರದ ಕಾಲುಹಾದಿಗಳ ಚರಿತ್ರೆ

ಸಮಭಾಜಕ ವೃತ್ತದಿಂದ ಒಂದೂವರೆ ಡಿಗ್ರಿಯೊಳಗೇ ಇರುವ ಸಿಂಗಾಪುರದಲ್ಲಿ ಬೇಸಿಗೆ, ಚಳಿಗಾಲ ಎಂಬ ಭೇದವಿಲ್ಲ. ವರ್ಷದ ಯಾವ ತಿಂಗಳಲ್ಲಾದರೂ ಹಗಲಿನ ಗರಿಷ್ಠ ಉಷ್ಣಾಂಶ 31ರಿಂದ 33 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ರಾತ್ರಿಯಲ್ಲೂ ಅದು 23 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಗಾಳಿಯ ತೇವಾಂಶ ಸರಾಸರಿ ಶೇಕಡಾ 80ನ್ನು ಮೀರಿದ್ದು, ವರ್ಷಕ್ಕೆ ಸುಮಾರು 2,100 ಮಿಲಿಮೀಟರ್ ಮಳೆ ಸುರಿಯುತ್ತದೆ. ಬೆವರು ಆರಿದಾಗಲೇ ದೇಹ ತಣಿಯುವುದಾದ್ದರಿಂದ, ಬೆವರೇ ಆರದ ಇಂಥ ಹವೆಯಲ್ಲಿ ಸಣ್ಣ ಗುಡ್ಡವೊಂದನ್ನು ಏರುವುದೂ ಶ್ರಮದ ಕೆಲಸವಾಗುತ್ತದೆ. ಆದರೂ ಸುಮಾರು 730 ಚದರ ಕಿಲೋಮೀಟರ್ ವಿಸ್ತಾರದಲ್ಲಿ 60 ಲಕ್ಷದಷ್ಟು ಜನ ವಾಸಿಸುವ ಈ ನಗರರಾಷ್ಟ್ರದಲ್ಲಿ ಕಾಡಿನೊಳಗಿನ ಕಾಲುಹಾದಿಗಳು ಬೆಳಗಾಗುತ್ತಲೇ ಜನರಿಂದ ತುಂಬುತ್ತವೆ. ಬಿಸಿಲೇರುವ ಮೊದಲೇ ಹೊರಟು, ಮಧ್ಯಾಹ್ನದ ಗುಡುಗುಮಳೆಗೆ ಮುಂಚೆ ಮರಳುವುದು ಅಲ್ಲಿನ ನಡಿಗೆಯ ರೂಢಿಯಾಗಿದೆ.

ಈ ಹಾದಿಗಳಲ್ಲಿ ನಡೆಯುವವರಿಗೆ ಸುತ್ತಲಿನ ಹಸಿರು ನಗರ ಮುಟ್ಟದೆ ಬಿಟ್ಟ ಪ್ರಕೃತಿಯಂತೆ ತೋರುವುದು ಸಹಜವಾದರೂ, ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಸಿಂಗಾಪುರದ ಕಾಡುದಾರಿಗಳಲ್ಲಿ ಬಹುಪಾಲು ವಿಹಾರಕ್ಕಾಗಿ ಹುಟ್ಟಿದವಲ್ಲ. ತೋಟಗಾರಿಕೆ, ನೀರು ಸರಬರಾಜು, ಕಲ್ಲುಗಣಿ, ಸೈನ್ಯ, ರೈಲು ಎಂಬ ಐದು ಅಗತ್ಯಗಳು ಬೇರೆ ಬೇರೆ ಕಾಲದಲ್ಲಿ ಈ ದ್ವೀಪದ ಕಾಡನ್ನು ಹೊಕ್ಕು ತಮ್ಮ ತಮ್ಮ ದಾರಿಗಳನ್ನು ಕಡಿದವು. ಆ ಅಗತ್ಯಗಳು ಒಂದೊಂದಾಗಿ ತೀರಿದ ಮೇಲೆ ಅದೇ ಜಾಡುಗಳು ನಡೆಯುವವರ ಪಾಲಿಗೆ ಬಂದವು. ಯಾವ ಕಾಡು ಉಳಿಯಿತು, ಯಾವುದು ಅಳಿಯಿತು ಎಂಬ ಪ್ರಶ್ನೆಗೂ ಈ ದಾರಿಗಳ ಚರಿತ್ರೆಯಲ್ಲೇ ಉತ್ತರವಿದೆ.

ಕಾಚು ಮತ್ತು ಕರಿಮೆಣಸು

1819ರಲ್ಲಿ ಸ್ಟ್ಯಾಂಫರ್ಡ್ ರಾಫಲ್ಸ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಇಲ್ಲಿ ವ್ಯಾಪಾರದ ನೆಲೆಯನ್ನು ಸ್ಥಾಪಿಸಿದಾಗ ದ್ವೀಪದ ಬಹುಭಾಗ ದಟ್ಟ ಮಳೆಕಾಡಾಗಿತ್ತು. ಕರಾವಳಿಯ ಕೆಸರುನೆಲದಲ್ಲಿ ಕಾಂಡ್ಲಾ ಕಾಡುಗಳೂ ಒಳನಾಡಿನ ದಿಣ್ಣೆಗಳಲ್ಲಿ ಡಿಪ್ಟೆರೋಕಾರ್ಪ್ ಮರಗಳ ಕಾಡೂ ಬೆಳೆದಿದ್ದವು. ಡಿಪ್ಟೆರೋಕಾರ್ಪ್ ಎಂದರೆ ರೆಕ್ಕೆಯುಳ್ಳ ಕಾಯಿ ಬಿಡುವ, ಆಗ್ನೇಯ ಏಷ್ಯಾದ ಮಳೆಕಾಡಿನ ಮೇಲ್ಛಾವಣಿಯನ್ನು ಕಟ್ಟುವ ಮಹಾವೃಕ್ಷಗಳ ಕುಟುಂಬ. ಕರ್ನಾಟಕದ ಪಶ್ಚಿಮಘಟ್ಟದಲ್ಲಿ ಬೆಳೆಯುವ ಸಾಲುಧೂಪದ ಮರವೂ ಇದೇ ಕುಟುಂಬಕ್ಕೆ ಸೇರಿದೆ. ಸಿಂಗಾಪುರದ ದಿಣ್ಣೆಗಳ ಮೇಲೆ ಇದರ ಪ್ರತಿನಿಧಿಗಳಾಗಿ ಸೆರಾಯ, ಮೆರಾಂಟಿ, ಕೆರುಯಿಂಗ್ ಎಂದು ಮಲಯ್ ಭಾಷೆಯಲ್ಲಿ ಕರೆಯುವ ಮರಗಳು ನಿಂತಿದ್ದವು.

ಈ ಕಾಡಿನೊಳಗೆ ಮೊದಲು ಆಳವಾಗಿ ದಾರಿ ಮಾಡಿದವರು ಚೀನಾದಿಂದ ಬಂದ ಕೃಷಿಕರು. ಅವರು ಬೆಳೆದದ್ದು ಗ್ಯಾಂಬಿಯರ್ ಎಂಬ ಪೊದೆಬಳ್ಳಿಯನ್ನು. ಅದರ ಎಲೆಗಳನ್ನು ದೊಡ್ಡ ಕಡಾಯಿಗಳಲ್ಲಿ ಗಂಟೆಗಟ್ಟಲೆ ಕುದಿಸಿ, ಆ ಕಷಾಯವನ್ನು ಗಟ್ಟಿಯಾಗಿಸಿ ತುಂಡರಿಸಿದರೆ ಒಂದು ಬಗೆಯ ಕಾಚು ಸಿದ್ಧವಾಗುತ್ತಿತ್ತು. ಕರ್ನಾಟಕದಲ್ಲಿ ಕಗ್ಗಲಿ ಮರದ ಚೇಗಿನಿಂದ ತೆಗೆದ ಕಾಚಿನಂತೆ ಇದನ್ನೂ ವೀಳ್ಯದೊಂದಿಗೆ ಬಳಸುತ್ತಿದ್ದರಾದರೂ, ಹತ್ತೊಂಬತ್ತನೆಯ ಶತಮಾನದಲ್ಲಿ ಇದಕ್ಕೆ ದೊಡ್ಡ ಮಾರುಕಟ್ಟೆ ಒದಗಿಸಿದ್ದು ಯುರೋಪಿನ ಚರ್ಮ ಹದಮಾಡುವ ಮತ್ತು ಬಣ್ಣ ಹಾಕುವ ಉದ್ಯಮಗಳು. ಕುದಿಸಿ ಉಳಿದ ಎಲೆಯ ಚರಟ ಮೆಣಸಿನ ಬಳ್ಳಿಗೆ ಒಳ್ಳೆಯ ಗೊಬ್ಬರವಾಗುತ್ತಿದ್ದುದರಿಂದ ಪ್ರತಿಯೊಂದು ತೋಟದಲ್ಲೂ ಗ್ಯಾಂಬಿಯರ್ ಮತ್ತು ಕರಿಮೆಣಸು ಜೊತೆಯಾಗಿ ಬೆಳೆದವು. ರಾಫಲ್ಸ್ ಬರುವುದಕ್ಕೂ ಮೊದಲೇ ದ್ವೀಪದಲ್ಲಿ ಇಂಥ ಕೆಲವು ತೋಟಗಳಿದ್ದವು; ಮುಂದಿನ ಮೂರು ನಾಲ್ಕು ದಶಕಗಳಲ್ಲಿ ಅವು ಒಳನಾಡನ್ನೆಲ್ಲ ವ್ಯಾಪಿಸಿದವು.

ತೋಟಗಾರರು ಹೊಳೆಗಳ ಮೂಲಕ ಒಳನಾಡನ್ನು ಪ್ರವೇಶಿಸಿ, ಹೊಳೆಯ ದಡದಲ್ಲಿ ಬಿಡಾರಗಳನ್ನು ಕಟ್ಟಿ, ಅಲ್ಲಿಂದ ತೋಟದಿಂದ ತೋಟಕ್ಕೆ ಕಾಲುದಾರಿಗಳನ್ನು ಸವೆಸಿದರು. ಚೀನೀ ಆಡುನುಡಿಯಲ್ಲಿ ‘ಕಾಂಗ್’ ಎಂಬುದು ಅಂಥ ಹೊಳೆದಡದ ನೆಲೆಯನ್ನು ಸೂಚಿಸುತ್ತಿತ್ತು. ಇಂದಿಗೂ ಬಳಕೆಯಲ್ಲಿರುವ ಚೋವಾ ಚು ಕಾಂಗ್, ಲಿಮ್ ಚು ಕಾಂಗ್, ಯಿಯೊ ಚು ಕಾಂಗ್ ಎಂಬ ಸ್ಥಳನಾಮಗಳು ಆಯಾ ನೆಲೆಯ ಒಡೆತನ ಹೊಂದಿದ್ದ ಮನೆತನಗಳ ನೆನಪನ್ನು ಉಳಿಸಿಕೊಂಡಿವೆ.

ಈ ಕೃಷಿ ಕಾಡಿಗೆ ಎರಡು ಬಗೆಯಲ್ಲಿ ಮಾರಕವಾಯಿತು. ಬಳ್ಳಿ ನೆಡಲು ಒಮ್ಮೆ ಕಾಡು ಕಡಿದರೆ, ಎಲೆ ಕುದಿಸುವ ಒಲೆಗಳಿಗೆ ಸೌದೆ ಒದಗಿಸಲು ಸುತ್ತಲಿನ ಕಾಡನ್ನು ವರ್ಷ ವರ್ಷವೂ ಕಡಿಯಬೇಕಾಗುತ್ತಿತ್ತು. ಹದಿನೈದಿಪ್ಪತ್ತು ವರ್ಷಗಳಲ್ಲಿ ಮಣ್ಣಿನ ಸಾರವೂ ಸೌದೆಯೂ ಒಟ್ಟಿಗೇ ಮುಗಿದು, ತೋಟವನ್ನು ತೊರೆದು ಹೊಸ ಕಾಡಿನತ್ತ ಸಾಗುವುದು ಅನಿವಾರ್ಯವಾಗುತ್ತಿತ್ತು. ತೊರೆದ ನೆಲವನ್ನು ಲಾಲಾಂಗ್ ಎಂಬ ಹುಲ್ಲು, ಅಂದರೆ ಕನ್ನಡನಾಡಿನಲ್ಲಿ ದರ್ಭೆ ಎಂದು ಗುರುತಿಸುವ ಹುಲ್ಲಿನ ಬಳಗದ್ದು, ಆವರಿಸುತ್ತಿತ್ತು. ಅದರ ನಂತರ ಬಡಮಣ್ಣಿನಲ್ಲೂ ಬೆಳೆಯಬಲ್ಲ ಟಿಯೂಪ್-ಟಿಯೂಪ್ ಎಂಬ ಸಣ್ಣ ಮರಗಳ ಕುರುಚಲು ಕಾಡು ತಲೆಯೆತ್ತುತ್ತಿತ್ತು. ಮೂಲ ಕಾಡು ಅಳಿದ ನೆಲದಲ್ಲಿ ತಾನಾಗಿ ಹುಟ್ಟುವ ಇಂಥ ಬೆಳವಣಿಗೆಗೆ ಮಲಯ್ ಭಾಷೆಯಲ್ಲಿ ‘ಬೆಲುಕಾರ್’ ಎಂದೂ ಸಸ್ಯಶಾಸ್ತ್ರದಲ್ಲಿ ದ್ವಿತೀಯ ಕಾಡು ಎಂದೂ ಹೆಸರು. ಇಂದು ಸಿಂಗಾಪುರದ ಹಾದಿಗಳಲ್ಲಿ ನಡೆಯುವವರು ಕಾಣುವ ಹಸಿರಿನ ದೊಡ್ಡ ಪಾಲು ಈ ದ್ವಿತೀಯ ಕಾಡೇ ಹೊರತು ಆದಿಮ ಕಾಡಲ್ಲ.

ಹುಲಿ, ಕೈದಿ ಮತ್ತು ಕೀಟಸಂಗ್ರಾಹಕ

ಕಾಡು ಕಡಿದು ತೋಟಗಳು ಒಳನುಗ್ಗಿದಂತೆ ಹುಲಿ ಮತ್ತು ಮನುಷ್ಯರ ನಡುವಿನ ಸಂಘರ್ಷ ತೀವ್ರವಾಯಿತು. ತೋಟದ ಕೂಲಿಗಳು ಹುಲಿಗೆ ಬಲಿಯಾಗುವ ಸುದ್ದಿ 1840 ಮತ್ತು 50ರ ದಶಕಗಳ ಸಿಂಗಾಪುರದಲ್ಲಿ ಸಾಮಾನ್ಯವಾಗಿತ್ತು. ಸರ್ಕಾರ ಹುಲಿ ಕೊಂದವರಿಗೆ ಬಹುಮಾನ ಘೋಷಿಸಿತು. ಹುಲಿ ಬೀಳಲೆಂದು ಆಳವಾದ ಗುಂಡಿಗಳನ್ನು ತೋಡಿ ಮೇಲೆ ಸೊಪ್ಪು ಮುಚ್ಚುವುದೂ ವಾಡಿಕೆಯಾಗಿತ್ತು.

ರಸ್ತೆಗಳ ನಿರ್ಮಾಣದ ಚರಿತ್ರೆಯಲ್ಲಿ ಭಾರತೀಯರ ಪಾತ್ರ ಹಿರಿದು. 1825ರಲ್ಲಿ ಸುಮಾತ್ರಾದ ಬೆಂಕೂಲೆನ್‌ನಿಂದ ಭಾರತೀಯ ಕೈದಿಗಳ ಮೊದಲ ತಂಡ ಸಿಂಗಾಪುರಕ್ಕೆ ಬಂದಿತು. ಆ ಬಳಿಕ ಬಂಗಾಳ, ಮದ್ರಾಸ್ ಮತ್ತು ಬೊಂಬಾಯಿ ಪ್ರಾಂತ್ಯಗಳಿಂದ ಗಡೀಪಾರಾದವರನ್ನು ನೇರವಾಗಿ ಇಲ್ಲಿಗೆ ಕಳುಹಿಸಲಾಯಿತು. 1873ರವರೆಗೆ ನಡೆದ ಈ ವ್ಯವಸ್ಥೆಯಲ್ಲಿ ಕೈದಿಗಳು ಜೌಗು ತುಂಬಿಸಿದರು, ಕಲ್ಲು ಒಡೆದರು, ಸೇತುವೆ ಕಟ್ಟಿದರು, ಸೇಂಟ್ ಆಂಡ್ರ್ಯೂಸ್ ಕೆಥೀಡ್ರಲ್‌ನಂಥ ಕಟ್ಟಡಗಳನ್ನು ಎಬ್ಬಿಸಿದರು, ಒಳನಾಡಿನ ರಸ್ತೆಗಳನ್ನು ಕಡಿದರು. ಲೋಕೋಪಯೋಗಿ ಕೆಲಸಗಳ ಮೇಲ್ವಿಚಾರಕನಾಗಿದ್ದ ವಾಸ್ತುಶಿಲ್ಪಿ ಜಾರ್ಜ್ ಕೋಲ್ಮನ್ 1835ರಲ್ಲಿ ಕೈದಿಗಳ ನೆರವಿನಿಂದ ಕಾಡಿನ ನಡುವೆ ರಸ್ತೆಯ ಸರ್ವೆ ಮಾಡುತ್ತಿದ್ದಾಗ ಹುಲಿಯೊಂದು ಎರಗಿ, ಕೋನ ಅಳೆಯುವ ಥಿಯೊಡೊಲೈಟ್ ಉಪಕರಣವನ್ನು ಉರುಳಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಜರ್ಮನ್ ಕಲಾವಿದ ಹೈನ್‌ರಿಖ್ ಲಾಯ್ಟ್‌ಮನ್ ಈ ಘಟನೆಯನ್ನು ಅಚ್ಚುಚಿತ್ರವಾಗಿ ಕೆತ್ತಿದ್ದಾನೆ. ಸಿಂಗಾಪುರದ ದಾರಿಗಳ ಚರಿತ್ರೆಯನ್ನು ಬರೆಯುವವರು ಅಧಿಕಾರಿಗಳ ಹೆಸರನ್ನು ಸುಲಭವಾಗಿ ಪಟ್ಟಿ ಮಾಡಬಲ್ಲರು. ಸಂಕೋಲೆಯಲ್ಲಿ ಬಂದು ಆ ದಾರಿಗಳನ್ನು ಕಡಿದವರ ಹೆಸರು ಯಾವ ರಸ್ತೆಯ ಫಲಕದಲ್ಲೂ ಕಾಣುವುದಿಲ್ಲ ಎಂಬುದನ್ನೂ ಅವರು ದಾಖಲಿಸಬೇಕು.

ದ್ವೀಪದ ಅತಿ ಎತ್ತರದ ಗುಡ್ಡವಾದ, ಸುಮಾರು 163 ಮೀಟರ್ ಎತ್ತರದ ಬುಕಿತ್ ತಿಮಾಕ್ಕೆ ವಿಜ್ಞಾನದ ಚರಿತ್ರೆಯಲ್ಲಿ ಸ್ಥಾನ ದೊರೆತದ್ದು 1854ರಲ್ಲಿ. ಇಂಗ್ಲೆಂಡಿನ ನಿಸರ್ಗವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೇಸ್ ಆ ವರ್ಷ ಸಿಂಗಾಪುರಕ್ಕೆ ಬಂದು, ಗುಡ್ಡದ ಬಳಿಯ ಸೇಂಟ್ ಜೋಸೆಫ್ ಚರ್ಚಿನ ಫ್ರೆಂಚ್ ಪಾದ್ರಿಯ ಆಶ್ರಯದಲ್ಲಿ ಉಳಿದುಕೊಂಡು ಕೀಟಗಳನ್ನು ಸಂಗ್ರಹಿಸಿದನು. ಸುಮಾರು ಎರಡು ತಿಂಗಳಲ್ಲಿ, ಹೆಚ್ಚುಕಡಿಮೆ ಒಂದು ಚದರ ಮೈಲಿಯಷ್ಟು ಕಾಡಿನಲ್ಲೇ, 700ರಷ್ಟು ಜಾತಿಯ ಜೀರುಂಡೆಗಳು ಅವನಿಗೆ ದೊರೆತವು. ಈ ಸಮೃದ್ಧಿಗೆ ಅವನು ಕೊಟ್ಟ ಕಾರಣಗಳಲ್ಲಿ ಒಂದು ಇಲ್ಲಿ ಗಮನಾರ್ಹ: ಚೀನೀ ಮರಗೆಲಸದವರು ನಿರಂತರವಾಗಿ ಮರ ಕಡಿದು ಕೊಯ್ಯುತ್ತಿದ್ದುದರಿಂದ ಒಣಗಿದ ಕೊಂಬೆ, ತೊಗಟೆ, ಹೊಟ್ಟು ಹೇರಳವಾಗಿ ಬಿದ್ದಿದ್ದು, ಮರ ತಿನ್ನುವ ಕೀಟಗಳ ಮರಿಹುಳುಗಳಿಗೆ ಅವು ಆಹಾರವಾಗಿದ್ದವು. ಅಂದರೆ ವಾಲೇಸ್ ನಡೆದಾಡಿದ ದಾರಿಗಳು ಮರ ಕಡಿಯುವವರ ದಾರಿಗಳೇ. 1869ರಲ್ಲಿ ಪ್ರಕಟವಾದ ‘ದಿ ಮಲಯ್ ಆರ್ಕಿಪೆಲಗೊ’ ಗ್ರಂಥದಲ್ಲಿ ಅವನು ಈ ಕಾಡನ್ನೂ ಹುಲಿಗುಂಡಿಗಳ ಭಯವನ್ನೂ ವಿವರಿಸಿದ್ದಾನೆ. ಇಂದು ಡೇರಿ ಫಾರ್ಮ್ ನೇಚರ್ ಪಾರ್ಕ್‌ನಲ್ಲಿ ಅವನ ಹೆಸರಿನ ಕಾಲುಹಾದಿಯೊಂದಿದೆ. ಅಲ್ಲೇ ಹಿಂದೆ ಹಾಲಿನ ಡೇರಿಯ ದನದ ಕೊಟ್ಟಿಗೆಯಾಗಿದ್ದ ಕಟ್ಟಡ ಅವನ ಹೆಸರಿನ ಶಿಕ್ಷಣಕೇಂದ್ರವಾಗಿದೆ.

ನೀರು ಕಾಯ್ದ ಕಾಡು

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗಕ್ಕೆ ಬರುವ ಹೊತ್ತಿಗೆ ದ್ವೀಪದ ಹತ್ತರಲ್ಲಿ ಒಂದು ಪಾಲಿನಷ್ಟೂ ಕಾಡು ಉಳಿದಿರಲಿಲ್ಲ. ಬೊಟಾನಿಕ್ ಗಾರ್ಡನ್ಸ್‌ನ ಮೇಲ್ವಿಚಾರಕ ನಥಾನಿಯಲ್ ಕ್ಯಾಂಟ್ಲಿ 1883ರಲ್ಲಿ ಸಲ್ಲಿಸಿದ ವರದಿ ಈ ನಾಶವನ್ನು ಸರ್ಕಾರದ ಮುಂದಿಟ್ಟಿತು. ಅದರ ಫಲವಾಗಿ ಬುಕಿತ್ ತಿಮಾ ಸೇರಿದಂತೆ ಹಲವು ಮೀಸಲು ಅರಣ್ಯಗಳು ಸ್ಥಾಪನೆಯಾದವು. ಆದರೆ ‘ಮೀಸಲು’ ಎಂಬ ಘೋಷಣೆ ಆ ಕಾಲದಲ್ಲಿ ಮರಮಟ್ಟಿನ ಪೂರೈಕೆಯನ್ನು ಕಾಯುವ ಕ್ರಮವಾಗಿತ್ತೇ ಹೊರತು ಕಾಡನ್ನು ಕಾಡಾಗಿಯೇ ಉಳಿಸುವ ಕ್ರಮವಾಗಿರಲಿಲ್ಲ. ಲಾಭ ತಾರದ ಮೀಸಲನ್ನು ಉಳಿಸಿಕೊಳ್ಳಲು ಆಡಳಿತಕ್ಕೆ ಕಾರಣ ಕಾಣದೆ, 1936ರಲ್ಲಿ ಮೀಸಲು ಅರಣ್ಯಗಳ ಆ ಸ್ಥಾನಮಾನವನ್ನು ಹಿಂತೆಗೆದುಕೊಳ್ಳಲಾಯಿತು. ಬೊಟಾನಿಕ್ ಗಾರ್ಡನ್ಸ್‌ನ ಸಸ್ಯಶಾಸ್ತ್ರಜ್ಞರು ಒತ್ತಾಯಿಸಿದ ಮೇಲೆ, ಅದೇ ದಶಕದ ಕೊನೆಯಲ್ಲಿ ಬುಕಿತ್ ತಿಮಾ ಮತ್ತು ಎರಡು ಕಾಂಡ್ಲಾ ಕಾಡುಗಳಿಗೆ ಮಾತ್ರ ಸಸ್ಯ ಮತ್ತು ಪ್ರಾಣಿಗಳ ರಕ್ಷಣೆಯ ಉದ್ದೇಶದಿಂದ ಮೀಸಲು ಸ್ಥಾನ ಮರಳಿ ದೊರೆಯಿತು. ಆ ಸಸ್ಯಶಾಸ್ತ್ರಜ್ಞರಲ್ಲಿ ಒಬ್ಬನಾದ ಇ. ಜೆ. ಎಚ್. ಕಾರ್ನರ್, ತೆಂಗಿನಕಾಯಿ ಕೀಳಲು ಪಳಗಿಸುವ ಬೆರೋಕ್ ಕೋತಿಗಳನ್ನು ತರಬೇತುಗೊಳಿಸಿ, ಮನುಷ್ಯರು ಹತ್ತಲಾಗದ ಎತ್ತರದ ಮರಗಳಿಂದ ಹೂ, ಕಾಯಿ, ಎಲೆಗಳ ಮಾದರಿಗಳನ್ನು ಸಂಗ್ರಹಿಸುತ್ತಿದ್ದನು. ಅವನ ‘ವೇಸೈಡ್ ಟ್ರೀಸ್ ಆಫ್ ಮಲಯ’ ಗ್ರಂಥ 1940ರಲ್ಲಿ ಪ್ರಕಟವಾಯಿತು.

ಬುಕಿತ್ ತಿಮಾವನ್ನು ಸಸ್ಯಶಾಸ್ತ್ರ ಕಾಯ್ದರೆ, ದ್ವೀಪದ ನಡುಭಾಗದ ಹೆಚ್ಚು ವಿಸ್ತಾರವಾದ ಕಾಡನ್ನು ಕಾಯ್ದದ್ದು ಕುಡಿಯುವ ನೀರು. ಬೆಳೆಯುತ್ತಿದ್ದ ಬಂದರು ಪಟ್ಟಣಕ್ಕೆ ಶುದ್ಧ ನೀರು ಒದಗಿಸಲೆಂದು 1857ರಲ್ಲಿ ಶ್ರೀಮಂತ ವ್ಯಾಪಾರಿ ತಾನ್ ಕಿಮ್ ಸೆಂಗ್ 13,000 ಡಾಲರ್ ದಾನ ಕೊಟ್ಟನು. ಥಾಮ್ಸನ್ ರಸ್ತೆಯ ಬಳಿ ಜಲಾಶಯವೊಂದು 1860ರ ದಶಕದಲ್ಲಿ ನಿರ್ಮಾಣವಾಗಿ, ಮುಂದೆ ವಿಸ್ತರಣೆಗೊಂಡು, 1922ರಲ್ಲಿ ಪುರಸಭೆಯ ಎಂಜಿನಿಯರ್ ಜೇಮ್ಸ್ ಮ್ಯಾಕ್‌ರಿಚಿಯ ಹೆಸರನ್ನು ಪಡೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಅದರ ಉತ್ತರಕ್ಕೆ ಪಿಯರ್ಸ್ ಮತ್ತು ಸೆಲೆತಾರ್ ಜಲಾಶಯಗಳು ಸೇರಿದವು. ಜಲಾನಯನ ಪ್ರದೇಶ, ಅಂದರೆ ಮಳೆನೀರು ಹರಿದು ಜಲಾಶಯ ಸೇರುವ ಸುತ್ತಲಿನ ನೆಲ, ಕಾಡಿನಿಂದ ಮುಚ್ಚಿದ್ದರೆ ಮಾತ್ರ ನೀರು ಕೆಸರಾಗದೆ, ಹೊಲಸಾಗದೆ ಉಳಿಯುತ್ತದೆ ಎಂಬ ತಿಳಿವಳಿಕೆಯಿಂದ ಪುರಸಭೆಯು ಅಲ್ಲಿನ ತೋಟಗಳನ್ನೂ ವಸತಿಗಳನ್ನೂ ತೆರವುಗೊಳಿಸಿ ಜನಪ್ರವೇಶವನ್ನು ನಿಷೇಧಿಸಿತು. ತೊರೆದ ಗ್ಯಾಂಬಿಯರ್ ತೋಟಗಳ ಮೇಲೆ ಹುಟ್ಟಿದ ಕುರುಚಲು, ನೂರು ವರ್ಷಗಳಿಗೂ ಹೆಚ್ಚು ಕಾಲ ಕೊಡಲಿಯ ಕಾಟವಿಲ್ಲದೆ ಬೆಳೆದು, ಅಲ್ಲಲ್ಲಿ ಉಳಿದಿದ್ದ ಆದಿಮ ಕಾಡಿನ ತುಣುಕುಗಳೊಂದಿಗೆ ಬೆಸೆದುಕೊಂಡು, ಇಂದಿನ ಸೆಂಟ್ರಲ್ ಕ್ಯಾಚ್‌ಮೆಂಟ್ ನಿಸರ್ಗಧಾಮವಾಗಿದೆ. 2,000 ಹೆಕ್ಟೇರ್‌ಗಿಂತಲೂ ವಿಸ್ತಾರವಾದ ಇದು ಸಿಂಗಾಪುರದ ಅತಿ ದೊಡ್ಡ ನಿಸರ್ಗಧಾಮ. ಇದರ ಅಂಚಿನಲ್ಲಿ ನಡೆಯುವಾಗ ಹಳೆಯ ರಬ್ಬರ್ ಮರಗಳು ಎದುರಾಗುತ್ತವೆ. ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದಿಂದ 1877ರಲ್ಲಿ ಬಂದ ಸಸಿಗಳಿಂದ ಆರಂಭವಾದ ಬೆಳೆಯನ್ನು, 1888ರಿಂದ 1912ರವರೆಗೆ ಬೊಟಾನಿಕ್ ಗಾರ್ಡನ್ಸ್‌ನ ನಿರ್ದೇಶಕನಾಗಿದ್ದ ಹೆನ್ರಿ ರಿಡ್ಲಿ ಮರಕ್ಕೆ ಹಾನಿಯಾಗದಂತೆ ಹಾಲು ತೆಗೆಯುವ ವಿಧಾನವನ್ನು ರೂಪಿಸಿ ಉದ್ಯಮವಾಗಿಸಿದನು.

ಯುದ್ಧ, ಗಣಿ ಮತ್ತು ರೈಲು

1942ರ ಫೆಬ್ರವರಿಯಲ್ಲಿ ಜಪಾನಿನ ಸೈನ್ಯ ಸಿಂಗಾಪುರವನ್ನು ಮುತ್ತಿದಾಗ ಇಂದಿನ ವಿಹಾರದ ಹಾದಿಗಳೇ ರಣರಂಗಗಳಾದವು. ಗುಡ್ಡದ ಮೇಲಿನ ಹಿಡಿತ, ಆಹಾರ ಮತ್ತು ಇಂಧನದ ದಾಸ್ತಾನು, ಜಲಾಶಯಗಳಿಗೆ ಹೋಗುವ ದಾರಿ ಇವೆಲ್ಲ ಕೂಡಿದ್ದುದರಿಂದ ಬುಕಿತ್ ತಿಮಾ ಜಪಾನೀಯರ ಮುಖ್ಯ ಗುರಿಯಾಯಿತು. ಫೆಬ್ರವರಿ 11ರ ಹೊತ್ತಿಗೆ ಅದು ಅವರ ವಶವಾಯಿತು. ಫೆಬ್ರವರಿ 13 ಮತ್ತು 14ರಂದು ದಕ್ಷಿಣದ ಪಸೀರ್ ಪಂಜಾಂಗ್ ದಿಣ್ಣೆಯಲ್ಲಿ, ಅಂದರೆ ಇಂದಿನ ಕೆಂಟ್ ರಿಡ್ಜ್‌ನಲ್ಲಿ, ಮಲಯ್ ರೆಜಿಮೆಂಟ್ ತೀವ್ರ ಪ್ರತಿರೋಧ ಒಡ್ಡಿತು. ಲೆಫ್ಟಿನೆಂಟ್ ಅದ್ನಾನ್ ಸಯ್ದಿ ಅಲ್ಲೇ ಮಡಿದನು. ಫೆಬ್ರವರಿ 15ರಂದು ಬುಕಿತ್ ತಿಮಾದ ಫೋರ್ಡ್ ಕಾರ್ಖಾನೆಯಲ್ಲಿ ಬ್ರಿಟಿಷ್ ಸೇನಾಪತಿ ಪರ್ಸಿವಲ್ ಶರಣಾಗತಿಗೆ ಸಹಿ ಹಾಕಿದನು. ದ್ವೀಪ ತಮ್ಮ ವಶದಲ್ಲಿದ್ದ ವರ್ಷಗಳಲ್ಲಿ ಜಪಾನೀಯರು ಯುದ್ಧಕೈದಿಗಳ ದುಡಿಮೆಯಿಂದ ಮ್ಯಾಕ್‌ರಿಚಿ ಜಲಾಶಯದ ಕಾಡಿನೊಳಗೆ ಶ್ಯೋನಾನ್ ಜಿಂಜ ಎಂಬ ಶಿಂಟೊ ದೇಗುಲವನ್ನು ಕಟ್ಟಿಸಿ, 1945ರಲ್ಲಿ ಸೋಲು ಖಚಿತವಾದಾಗ ತಾವೇ ಅದನ್ನು ಕೆಡವಿದರು. ಅದರ ಕಲ್ಲುಗಳು ಇಂದಿಗೂ ಕಾಡಿನಲ್ಲಿವೆ.

ಕಾಡಿನಲ್ಲಿ ಬಿಡುವಿನ ವೇಳೆಯಲ್ಲಿ ಓಡುವ ಮತ್ತು ನಡೆಯುವ ಹವ್ಯಾಸದ ಚರಿತ್ರೆಗೂ ಈ ಯುದ್ಧಕ್ಕೂ ಒಂದು ಕೊಂಡಿಯಿದೆ. ಕಾಗದದ ಚೂರುಗಳನ್ನು ಗುರುತಾಗಿ ಚೆಲ್ಲಿ, ಆ ಜಾಡನ್ನು ಹಿಡಿದು ಕಾಡು-ತೋಟಗಳಲ್ಲಿ ಓಡುವ ‘ಹ್ಯಾಷ್’ ಎಂಬ ಕೂಟವನ್ನು 1938ರಲ್ಲಿ ಕ್ವಾಲಾಲಂಪುರದಲ್ಲಿ ಆರಂಭಿಸಿದವರಲ್ಲಿ ಪ್ರಮುಖನಾದ ಎ. ಎಸ್. ಗಿಸ್ಪರ್ಟ್ ಬುಕಿತ್ ತಿಮಾದ ಕಾಳಗದಲ್ಲಿ ಪ್ರಾಣ ತೆತ್ತನು. ಅವನು ಆರಂಭಿಸಿದ ರೂಢಿ 1962ರಲ್ಲಿ ಸಿಂಗಾಪುರದಲ್ಲೂ ನೆಲೆಗೊಂಡು, ಬಳಿಕ ಜಗತ್ತಿನ ಅನೇಕ ನಗರಗಳಿಗೆ ಹಬ್ಬಿತು.

ದಕ್ಷಿಣದ ದಿಣ್ಣೆಗಳಲ್ಲಿ ಇನ್ನೊಂದಾದ ಮೌಂಟ್ ಫೇಬರ್‌ನ ತಿರುವು ರಸ್ತೆ ಹುಟ್ಟಿದ್ದು ಹಡಗುಗಳಿಗೆ ಸಂಕೇತ ನೀಡುವ ಠಾಣೆಗಾಗಿ. ಆ ರಸ್ತೆಯನ್ನು ಕಡಿಸಿದ, ಮದ್ರಾಸ್ ಎಂಜಿನಿಯರ್ಸ್ ದಳದ ಕ್ಯಾಪ್ಟನ್ ಚಾರ್ಲ್ಸ್ ಎಡ್ವರ್ಡ್ ಫೇಬರ್‌ನ ಹೆಸರು 1845ರಲ್ಲಿ ಗುಡ್ಡಕ್ಕೆ ಬಂದಿತು. ಬುಕಿತ್ ತಿಮಾದ ಇಳಿಜಾರಿನಲ್ಲಿ ಗ್ರಾನೈಟ್ ಗಣಿಗಳು ತೆರೆದವು. ನಗರದ ರಸ್ತೆ, ಕಟ್ಟಡಗಳಿಗೆ ಕಲ್ಲು ಒದಗಿಸಿ ಮುಚ್ಚಿದ ಮೇಲೆ ಆ ಗುಂಡಿಗಳಲ್ಲಿ ಮಳೆನೀರು ತುಂಬಿ, ಹಿಂಡ್‌ಹೀಡ್ ಮತ್ತು ಸಿಂಗಾಪುರ್ ಕ್ವಾರಿ ಎಂಬ ಕೊಳಗಳಾಗಿ ಇಂದಿನ ಹಾದಿಗಳ ನಿಲ್ದಾಣಗಳಾಗಿವೆ. 1903ರಲ್ಲಿ ಆರಂಭವಾಗಿ, 1932ರಲ್ಲಿ ಮಾರ್ಗ ಬದಲಿಸಿ ತಾಂಜೋಂಗ್ ಪಗಾರ್ ನಿಲ್ದಾಣಕ್ಕೆ ತಿರುಗಿದ ರೈಲುದಾರಿ, ಮಲೇಷ್ಯಾದ ರೈಲು ಸಂಸ್ಥೆಯ ಅಧೀನದಲ್ಲೇ ಉಳಿದಿತ್ತು. 2011ರ ಜೂನ್ 30ರ ರಾತ್ರಿ ಕೊನೆಯ ರೈಲು ಹೊರಟು, ಮರುದಿನ ಆ ನೆಲ ಸಿಂಗಾಪುರಕ್ಕೆ ಸೇರಿತು. ಉತ್ತರದಿಂದ ದಕ್ಷಿಣಕ್ಕೆ ಸುಮಾರು 24 ಕಿಲೋಮೀಟರ್ ಸಾಗುವ ಆ ಪಟ್ಟಿ ಈಗ ರೈಲ್ ಕಾರಿಡಾರ್ ಎಂಬ ನಡೆಹಾದಿ.

ನಡೆದವರು ಬರೆದಿಟ್ಟ ಲೆಕ್ಕ

1951ರ ನಿಸರ್ಗಧಾಮಗಳ ಕಾಯಿದೆ ಬುಕಿತ್ ತಿಮಾ, ಪಂಡಾನ್, ಕ್ರಾಂಜಿ, ಲ್ಯಾಬ್ರಡಾರ್ ಹಾಗೂ ಜಲಾನಯನ ಪ್ರದೇಶಗಳಿಗೆ ರಕ್ಷಣೆ ನೀಡಿತು. ಆದರೆ ಸ್ವಾತಂತ್ರ್ಯದ ಬಳಿಕ ಕೈಗಾರಿಕೆ ಮತ್ತು ವಸತಿಯ ಒತ್ತಡ ಹೆಚ್ಚಿದಾಗ, 1960 ಮತ್ತು 70ರ ದಶಕಗಳಲ್ಲಿ ಪಂಡಾನ್ ಮತ್ತು ಕ್ರಾಂಜಿಯ ಕಾಂಡ್ಲಾ ಕಾಡುಗಳು ಆ ಪಟ್ಟಿಯಿಂದ ಹೊರಬಿದ್ದವು. 1963ರಲ್ಲಿ ಪ್ರಧಾನಿ ಲೀ ಕುವಾನ್ ಯೂ ಚಾಲನೆ ನೀಡಿದ ಸಸಿ ನೆಡುವ ಆಂದೋಲನವೂ 1967ರಿಂದ ರೂಪುಗೊಂಡ ‘ಉದ್ಯಾನ ನಗರ’ದ ಕಲ್ಪನೆಯೂ ಬೀದಿಗಳನ್ನು ಹಸಿರಾಗಿಸಿದವು, ಆದರೆ ನೆಟ್ಟ ಸಾಲುಮರ ಕಾಡಿಗೆ ಬದಲಿಯಾಗಲಾರದು. 1986ರಲ್ಲಿ ಪೂರ್ಣಗೊಂಡ ಬುಕಿತ್ ತಿಮಾ ಎಕ್ಸ್‌ಪ್ರೆಸ್‌ವೇ ಬುಕಿತ್ ತಿಮಾವನ್ನು ನಡುವಿನ ಜಲಾನಯನ ಕಾಡಿನಿಂದ ಸೀಳಿ ಬೇರ್ಪಡಿಸಿತು. ಅದೇ ವರ್ಷ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ, ಸಿಂಗಾಪುರದ ತೊರೆಗಳಲ್ಲಷ್ಟೇ ಬದುಕುವ ಸಿಹಿನೀರಿನ ಪುಟ್ಟ ಏಡಿಯೊಂದನ್ನು ವಿಜ್ಞಾನಿಗಳು ಹೊಸ ಜಾತಿಯೆಂದು ವಿವರಿಸಿದರು. ಹೆದ್ದಾರಿ ಕಾಡನ್ನು ಕತ್ತರಿಸುತ್ತಿದ್ದಾಗ ಆ ಕಾಡಿನಲ್ಲಿ ಏನಿದೆ ಎಂಬುದೇ ಪೂರ್ತಿ ತಿಳಿದಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

ಕಾಡುದಾರಿಗಳ ಚರಿತ್ರೆಯ ನಿರ್ಣಾಯಕ ತಿರುವು ಬಂದದ್ದು ಈ ಹಂತದಲ್ಲಿ. 1940ರಲ್ಲಿ ಸ್ಥಾಪನೆಯಾಗಿದ್ದ ಮಲಯನ್ ನೇಚರ್ ಸೊಸೈಟಿಯ ಸಿಂಗಾಪುರ ಶಾಖೆ, 1991ರಿಂದ ಸ್ವತಂತ್ರವಾಗಿ ನೇಚರ್ ಸೊಸೈಟಿ (ಸಿಂಗಾಪುರ) ಎನಿಸಿಕೊಂಡ ಸಂಘ, ಹಕ್ಕಿ ನೋಡುವ ಮತ್ತು ಕಾಡು ಸುತ್ತುವ ಹವ್ಯಾಸಿಗಳ ಕೂಟವಾಗಿತ್ತು. 1986ರಲ್ಲಿ ಅದರ ಸದಸ್ಯರು ವಾಯವ್ಯ ಕರಾವಳಿಯ ಸುಂಗೈ ಬುಲೋದಲ್ಲಿ, ತೊರೆದ ಸಿಗಡಿ ಹೊಂಡಗಳ ಸುತ್ತ, ವಲಸೆ ಹಕ್ಕಿಗಳ ದೊಡ್ಡ ತಂಗುದಾಣವನ್ನು ಗುರುತಿಸಿದರು. ಪಟ್ಟಿ, ನಕ್ಷೆ, ಎಣಿಕೆಗಳೊಂದಿಗೆ ಅವರು ಸಲ್ಲಿಸಿದ ಪ್ರಸ್ತಾವವನ್ನು ಸರ್ಕಾರ ಒಪ್ಪಿ, 1993ರಲ್ಲಿ ಅದನ್ನು ನಿಸರ್ಗ ಉದ್ಯಾನವಾಗಿ ತೆರೆಯಿತು. 2002ರಲ್ಲಿ ಅದು ಕಾನೂನುಬದ್ಧ ಜೌಗುಭೂಮಿ ನಿಸರ್ಗಧಾಮವಾಯಿತು. ಲೋವರ್ ಪಿಯರ್ಸ್ ಜಲಾಶಯದ ಕಾಡಿನಲ್ಲಿ ಗಾಲ್ಫ್ ಮೈದಾನ ನಿರ್ಮಿಸುವ ಯೋಜನೆ ಬಂದಾಗ, ಸಂಘವು 1992ರಲ್ಲಿ ಅಲ್ಲಿನ ಜೀವಿಗಳ ಸವಿವರ ಅಧ್ಯಯನವನ್ನು ಪ್ರಕಟಿಸಿತು, ಸುಮಾರು 17,000 ಜನ ಮನವಿಗೆ ಸಹಿ ಹಾಕಿದರು, ಯೋಜನೆ ಕೈಬಿಟ್ಟುಹೋಯಿತು. ಪುಲಾವ್ ಉಬಿನ್ ದ್ವೀಪದ ಚೆಕ್ ಜಾವಾ ಎಂಬ ಇಳಿತದ ತೀರವನ್ನು ಮಣ್ಣು ತುಂಬಿ ಮುಚ್ಚಬೇಕೆಂದಿದ್ದಾಗ, ಸ್ವಯಂಸೇವಕರು ನೀರು ಇಳಿದ ಹೊತ್ತಿನಲ್ಲಿ ಅಲ್ಲಿನ ಜೀವಿಗಳನ್ನು ದಾಖಲಿಸಿದರು, ಜನ ಸಾವಿರಾರು ಸಂಖ್ಯೆಯಲ್ಲಿ ಬಂದು ನಡೆದು ನೋಡಿದರು. 2001ರ ಡಿಸೆಂಬರ್‌ನಲ್ಲಿ ಸರ್ಕಾರ ಆ ಕೆಲಸವನ್ನು ಮುಂದೂಡಿತು. ರೈಲು ನಿಲ್ಲುವ ಮೊದಲೇ, 2010ರಲ್ಲಿ, ಆ ಹಾದಿಯನ್ನು ಹಸಿರು ಪಟ್ಟಿಯಾಗಿ ಉಳಿಸಬೇಕೆಂಬ ಪ್ರಸ್ತಾವವನ್ನು ಮುಂದಿಟ್ಟದ್ದೂ ಇದೇ ಸಂಘ.

ಈ ಪ್ರಸಂಗಗಳಲ್ಲಿ ಸಮಾನವಾದ ಅಂಶವೆಂದರೆ ನಡಿಗೆಯೇ ಸಾಕ್ಷ್ಯಸಂಗ್ರಹವಾದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ವಾಲೇಸ್‌ನಂಥ ಒಬ್ಬ ವಿದ್ವಾಂಸ ಮಾಡಿದ ಕೆಲಸವನ್ನು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ನೂರಾರು ಸಾಮಾನ್ಯ ನಾಗರಿಕರು ವಾರಾಂತ್ಯಗಳಲ್ಲಿ ಮಾಡಿದರು. ಜಲಾನಯನ ಕಾಡಿನ ಅಡಿಯಲ್ಲಿ ಕ್ರಾಸ್ ಐಲೆಂಡ್ ಮೆಟ್ರೊ ಮಾರ್ಗ ಹಾಯಿಸುವ ಯೋಜನೆ 2013ರಲ್ಲಿ ಪ್ರಕಟವಾದಾಗಲೂ ಸ್ವಯಂಸೇವಕರು ಮ್ಯಾಕ್‌ರಿಚಿ ಕಾಡಿನಲ್ಲಿ ಸಾರ್ವಜನಿಕರನ್ನು ಕರೆದೊಯ್ದು ನಡಿಗೆಗಳನ್ನು ನಡೆಸಿದರು. 2019ರ ಡಿಸೆಂಬರ್‌ನಲ್ಲಿ ಸರ್ಕಾರ ಕಾಡಿನಡಿಯ ನೇರ ಮಾರ್ಗವನ್ನೇ ಆರಿಸಿಕೊಂಡರೂ, ಸುರಂಗವನ್ನು ಸುಮಾರು 70 ಮೀಟರ್ ಆಳದಲ್ಲಿ ಕೊರೆಯುವುದಾಗಿಯೂ ನಿಸರ್ಗಧಾಮದ ಮೇಲ್ಮೈಯಲ್ಲಿ ನಿರ್ಮಾಣ ಕೆಲಸ ನಡೆಸದಿರುವುದಾಗಿಯೂ ಹೇಳಬೇಕಾಯಿತು.

ಹಾದಿಯ ಭಾರ

ಜನರ ಪ್ರೀತಿಯೂ ಕಾಡಿಗೆ ಭಾರವಾಗಬಲ್ಲದು. ಕೇವಲ 163 ಹೆಕ್ಟೇರ್ ವಿಸ್ತಾರದ ಬುಕಿತ್ ತಿಮಾದಲ್ಲಿ ಬೂಟುಗಳ ತುಳಿತಕ್ಕೆ ಮಣ್ಣು ಗಟ್ಟಿಯಾಗಿ, ಬೇರುಗಳು ಹೊರಬಿದ್ದು, ರಭಸದ ಮಳೆಗೆ ಇಳಿಜಾರುಗಳು ಕೊಚ್ಚಿಹೋಗತೊಡಗಿದಾಗ, 2014ರಿಂದ 2016ರವರೆಗೆ ಗುಡ್ಡದ ದಾರಿಗಳನ್ನು ದುರಸ್ತಿಗಾಗಿ ಮುಚ್ಚಬೇಕಾಯಿತು. ಅಂಥ ಕಡೆಗಳಲ್ಲಿ ನೆಲಕ್ಕೆ ತಾಗದಂತೆ ಎತ್ತರಿಸಿ ಕಟ್ಟಿದ ನಡೆಹಲಗೆಗಳು ಈಗ ಬೇರಿನ ಮೇಲಿನ ತುಳಿತವನ್ನು ತಪ್ಪಿಸುತ್ತವೆ. 2004ರಲ್ಲಿ ಮ್ಯಾಕ್‌ರಿಚಿ ಕಾಡಿನಲ್ಲಿ ತೆರೆದ, ಎರಡು ದಿಣ್ಣೆಗಳನ್ನು ಜೋಡಿಸುವ 250 ಮೀಟರ್ ಉದ್ದದ ತೂಗುಸೇತುವೆ, ಮರದ ನೆತ್ತಿಯನ್ನು ಜನರಿಗೆ ತೋರಿಸುವುದರ ಜೊತೆಗೆ ಬುಕಿತ್ ತಿಮಾದ ಜನಸಂದಣಿಯನ್ನು ಹಂಚುವ ಉದ್ದೇಶದಿಂದಲೂ ನಿರ್ಮಾಣವಾಯಿತು. 2008ರಲ್ಲಿ ತೆರೆದ, ನೆಲದಿಂದ 36 ಮೀಟರ್ ಎತ್ತರದ ಹೆಂಡರ್ಸನ್ ವೇವ್ಸ್ ಸೇತುವೆ ಮೌಂಟ್ ಫೇಬರ್ ಮತ್ತು ತೆಲೋಕ್ ಬ್ಲಾಂಗಾ ದಿಣ್ಣೆಗಳನ್ನು ಕೂಡಿಸಿ, ಸುಮಾರು 10 ಕಿಲೋಮೀಟರ್ ಉದ್ದದ ಸದರ್ನ್ ರಿಡ್ಜಸ್ ಹಾದಿಯನ್ನು ಪೂರ್ಣಗೊಳಿಸಿತು. 2013ರಲ್ಲಿ ಎಕ್ಸ್‌ಪ್ರೆಸ್‌ವೇಯ ಮೇಲೆ ಕಟ್ಟಿದ ಇಕೋ-ಲಿಂಕ್ ಸೇತುವೆಯಾದರೋ ಚಿಪ್ಪುಹಂದಿಯಂಥ ಕಾಡುಪ್ರಾಣಿಗಳಿಗೆ ಮೀಸಲು. 1986ರಲ್ಲಿ ಸೀಳಿದ ಎರಡು ಕಾಡುಗಳನ್ನು ಅದು ಮತ್ತೆ ಹೊಲಿಯಲು ಯತ್ನಿಸುತ್ತಿದೆ. ನಿಸರ್ಗಧಾಮಗಳ ಸುತ್ತ ಚೆಸ್ಟ್‌ನಟ್, ವಿಂಡ್ಸರ್, ಥಾಮ್ಸನ್, ರೈಫಲ್ ರೇಂಜ್ ಎಂಬ ಉದ್ಯಾನಗಳನ್ನು ಬೇಲಿಯಂತೆ ಬೆಳೆಸಿ, ನಡೆಯುವವರ ಒತ್ತಡ ಒಳಗಿನ ಕಾಡನ್ನು ತಲುಪದಂತೆ ತಡೆಯುವುದು ಇತ್ತೀಚಿನ ನೀತಿ.

ಈ ಎಲ್ಲ ಪ್ರಯತ್ನಗಳ ಹಿಂದೆ ಒಂದು ಕಠಿಣ ಲೆಕ್ಕವಿದೆ. 2003ರಲ್ಲಿ ‘ನೇಚರ್’ ವಿಜ್ಞಾನಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 1819ರಿಂದ ಈಚೆಗೆ ಸಿಂಗಾಪುರ ತನ್ನ ಮೂಲ ಕಾಡಿನ ಶೇಕಡಾ 95ಕ್ಕೂ ಹೆಚ್ಚನ್ನು ಕಳೆದುಕೊಂಡಿದೆ. ದೇಶದ ವಿಸ್ತಾರದ ಅಲ್ಪಭಾಗ ಮಾತ್ರವಿರುವ ಮೀಸಲು ಕಾಡುಗಳಲ್ಲಿ ಉಳಿದ ಸ್ಥಳೀಯ ಜೀವಿಜಾತಿಗಳ ಅರ್ಧಕ್ಕಿಂತ ಹೆಚ್ಚು ಆಶ್ರಯ ಪಡೆದಿವೆ. ಹುಲಿ ಕಣ್ಮರೆಯಾಗಿದೆ, ಕೊನೆಯ ಕಾಡುಹುಲಿಯನ್ನು 1930ರಲ್ಲಿ ಚೋವಾ ಚು ಕಾಂಗ್‌ನಲ್ಲಿ ಗುಂಡಿಟ್ಟು ಕೊಲ್ಲಲಾಯಿತು. ರಾಫಲ್ಸ್ ಪಟ್ಟೆಲಂಗೂರ್ ಎಂಬ ಕರಿಯ ಮುಸುವ ಕೆಲವೇ ಹತ್ತುಗಳ ಸಂಖ್ಯೆಯಲ್ಲಿ ಉಳಿದುಕೊಂಡಿದೆ.

ಎರಡು ಶತಮಾನಗಳ ಈ ಚರಿತ್ರೆ ತೋರಿಸುವುದಿಷ್ಟು: ಸಿಂಗಾಪುರದಲ್ಲಿ ಕಾಡು ತನ್ನಷ್ಟಕ್ಕೆ ಉಳಿಯಲಿಲ್ಲ. ಕುಡಿಯುವ ನೀರಿಗೆ ಅದು ಬೇಕಾಗಿದ್ದ ಕಡೆ ಉಳಿಯಿತು. ಅದರೊಳಗೆ ಏನಿದೆ ಎಂದು ಎಣಿಸಿ ಬರೆದಿಟ್ಟವರಿದ್ದ ಕಡೆ ಉಳಿಯಿತು. ಕಾಯಿದೆಯನ್ನಷ್ಟೇ ನಂಬಿದ ಕಡೆ, ಪಂಡಾನ್ ಮತ್ತು ಕ್ರಾಂಜಿಗಳಲ್ಲಿ ಆದಂತೆ, ಆ ಕಾಯಿದೆ ಬದಲಾದೊಡನೆ ಅಳಿಯಿತು. ಆದ್ದರಿಂದ ಬಿಸಿಲು, ಬೆವರುಗಳ ನಡುವೆ ಬೆಳೆಯುತ್ತಿರುವ ಯಾವುದೇ ಉಷ್ಣವಲಯದ ನಗರ ತನ್ನ ಅಂಚಿನ ಕಾಡಿನಲ್ಲಿ ನಡೆಹಾದಿಯೊಂದನ್ನು ಯೋಜಿಸುವಾಗ, ಮೆಟ್ಟಿಲು, ಬೇಲಿ, ಫಲಕಗಳಿಗೆ ಮೊದಲು ಮಾಡಬೇಕಾದದ್ದು ಆ ಕಾಡಿನ ಜೀವಿಗಳ ಪ್ರಾಮಾಣಿಕ ಪಟ್ಟಿ. ಹಾದಿ ತೆರೆದ ಮೇಲೆ ಆ ಪಟ್ಟಿಯನ್ನು ವರ್ಷ ವರ್ಷವೂ ತಿದ್ದಿ ಬೆಳೆಸುವ ಹೊಣೆ ಅಲ್ಲಿ ನಡೆಯುವ ನಾಗರಿಕರದು.